ರೊಟ್ಟಿ ಬುಟ್ಟಿಗೆ ನಾಲ್ಕು ಗಾಲಿ

ಬಾದಾಮಿಯ ಬನಶಂಕರಿಗೆ ಹೋದವರಿಗೆ ಅಲ್ಲಿಯ ರೊಟ್ಟಿ ಬುಟ್ಟಿಯ ಹೆಣ್ಣುಮಕ್ಕಳು ಗೊತ್ತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು ಎಲ್ಲವೂ ತಲೆಯ ಮೇಲೆ ಬರುತ್ತವೆ. ಗಿರಾಕಿ ಕೂತಲ್ಲೇ ಊಟ. ಈಗ ಊರೂರಲ್ಲಿ ಕಾಣುವ ಸಂಚಾರಿ ಕ್ಯಾಂಟೀನಿನ ಮೂಲ ನನಗೆ ಕಾಣುವುದು ಈ ಬುಟ್ಟಿಯಲ್ಲೇ.

ಗದಗ ತಾಲ್ಲೂಕಿನ ಕುರ್ತಕೋಟಿಯಂಥ ಊರಿಗೆ ಈ ಕಸುಬು ಚೆನ್ನಾಗಿ ಹೊಂದುತ್ತದೆ. ಎರೆಹೊಲದ ಸೀಮೆಯಲ್ಲಿ ಜನ ಸೇರುವ ಜಾಗ ಸುಗ್ಗಿಗೆ ತಕ್ಕಂತೆ ಬದಲಾಗುತ್ತದೆ. ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಬಂದಾಗ ಗದಗಿನ ಎಪಿಎಂಸಿಯಲ್ಲಿ ಹಮಾಲರು, ಟ್ರ್ಯಾಕ್ಟರಿನವರು, ಸವಾಲಿಗೆ ಕಾದು ಕೂತ ರೈತರು. ಆಮೇಲೆ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿ ಫಕೀರೇಶ್ವರ ಜಾತ್ರೆ, ನಡುನಡುವೆ ವಾರದ ಸಂತೆ. ಒಂದೇ ಕಡೆ ಬಾಡಿಗೆ ಕಟ್ಟುವ ಖಾನಾವಳಿಗೆ ಇವೆಲ್ಲ ಸಿಗುವುದಿಲ್ಲ.

ನಮ್ಮ ಅಡುಗೆಯೂ ಗಾಡಿಗೆ ಒಗ್ಗುವಂಥದ್ದೇ. ಖಡಕ್ ರೊಟ್ಟಿ, ಒಣಚಟ್ನಿ ವಾರಗಟ್ಟಲೆ ಕೆಡುವುದಿಲ್ಲ, ಮನೆಯಲ್ಲೇ ಮಾಡಿ ತರಬಹುದು. ಗಿರಮಿಟ್ಟಿನದು ಮಾತ್ರ ಬೇರೆ ಕಥೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆರಸದ ಒಗ್ಗರಣೆ ಮುಂಚೆಯೇ ಕುದಿಸಿಟ್ಟರೂ ಚುರುಮುರಿ ಬೀಳಬೇಕಾದ್ದು ಗಿರಾಕಿ ಎದುರಿಗೆ ನಿಂತ ಮೇಲೆ. ಪುಠಾಣಿ ಹಿಟ್ಟು ಉದುರಿಸಿ, ಎರಡು ಸಲ ಕೈಯಾಡಿಸಿ, ಸೇವು ಹಾಕಿ, ಬಿಸಿ ಮಿರ್ಚಿ ಭಜಿಯ ಜೊತೆ ಕೈಗಿಡಬೇಕು. ಐದು ನಿಮಿಷ ತಡವಾದರೆ ಚುರುಮುರಿ ಮೆತ್ತಗಾಗುತ್ತದೆ, ತಿಂದವರು ಮತ್ತೆ ಬರುವುದಿಲ್ಲ.

ಇದೇ ರೊಟ್ಟಿ ಊಟ ಕಡಲತೀರದಲ್ಲೂ ಗೆದ್ದಿದೆ. ಹಾಸನ ಮೂಲದ ಮಹಿಳೆಯೊಬ್ಬರು 2015ರಲ್ಲಿ ಮಂಗಳೂರಿನಲ್ಲಿ ಬೊಲೆರೊ ಪಿಕಪ್ ಮೇಲೆ 'ಹಳ್ಳಿ ಮನೆ ರೊಟ್ಟೀಸ್' ತೆರೆದರು. ಕುಚ್ಚಲಕ್ಕಿ, ಮೀನಿನ ಊರಿನಲ್ಲಿ ಜೋಳದ ರೊಟ್ಟಿಗೆ ಜನ ಸಾಲುಗಟ್ಟಿದರು. 2017ರಲ್ಲಿ ಆ ಮಹಿಳೆಯ ಎರಡನೇ ಗಾಡಿಗೆ ಹಣ ಹೂಡಲು ಉದ್ಯಮಿ ಆನಂದ್ ಮಹೀಂದ್ರಾ ಮುಂದೆ ಬಂದರು.

ದುಡ್ಡಿನ ಮಾತು. ಮಹಿಳಾ ಅಭಿವೃದ್ಧಿ ನಿಗಮದ 'ಸವಿರುಚಿ' ಸಂಚಾರಿ ಕ್ಯಾಂಟೀನ್ ಯೋಜನೆಯಲ್ಲಿ ಸ್ತ್ರೀಶಕ್ತಿ ಒಕ್ಕೂಟಗಳಿಗೆ 10 ಲಕ್ಷ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟದ್ದುಂಟು. ಕೂಡಿ ಸಾಲ ಮಾಡಿ ಕೂಡಿ ತೀರಿಸುವುದು ಗದಗ ತಾಲ್ಲೂಕಿಗೆ ಹಳೆಯ ರೂಢಿ. 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇಲ್ಲಿಯದೇ.

ಕಾಗದಪತ್ರದಲ್ಲಿ ಅಸಡ್ಡೆ ಸಲ್ಲದು. ಎಫ್‌ಎಸ್‌ಎಸ್‌ಎಐ ಆಹಾರ ಸುರಕ್ಷತಾ ನೋಂದಣಿ ಬೇಕೇ ಬೇಕು. ಗಾಡಿಯ ಬಾಡಿ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು. ಮನೆಯ ಸಿಲಿಂಡರ್ ಗಾಡಿ ಹತ್ತುವಂತಿಲ್ಲ, ವಾಣಿಜ್ಯ ಸಿಲಿಂಡರೇ ಆಗಬೇಕು. ಗಾಡಿ ಕೊಳ್ಳುವ ಮುಂಚೆ ನಾಲ್ಕಾರು ಸಂತೆಯಲ್ಲಿ ಟೇಬಲ್ ಹಾಕಿ, ಮಧ್ಯಾಹ್ನಕ್ಕೆ ಎಷ್ಟು ರೊಟ್ಟಿ ಖರ್ಚಾಗುತ್ತವೆ ನೋಡಿಕೊಳ್ಳುವುದು ಜಾಣತನ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ನಸುಕಿನಲ್ಲೆದ್ದು ಒಲೆ ಮುಂದೆ ರೊಟ್ಟಿ ಬಡಿಯುವವಳು ಯಾರೋ, ಗಾಡಿಯ ಆರ್‌ಸಿ ಪುಸ್ತಕ ಮತ್ತು ಬ್ಯಾಂಕ್ ಖಾತೆ ಅವಳ ಹೆಸರಿನಲ್ಲೇ ಇರಲಿ.