ಬೆಂಕಿರೋಗದ ಶಿಲೀಂಧ್ರವೂ ಪ್ರಭೇದಲಕ್ಷಣವೂ

ಅಸಾಧಾರಣವಾದ ಧರ್ಮವೇ ಲಕ್ಷಣವೆಂದು ತಾರ್ಕಿಕರು ಹೇಳುವರು. ಲಕ್ಷ್ಯವನ್ನು ಮೀರಿ ಇತರ ವಸ್ತುಗಳಲ್ಲಿಯೂ ಕಾಣಬರುವ ಲಕ್ಷಣಕ್ಕೆ ಅತಿವ್ಯಾಪ್ತಿಯೆಂಬ ದೋಷವು ತಗಲುವುದು. ಶಿಲೀಂಧ್ರಗಳ ಪ್ರಭೇದನಿರ್ಣಯದಲ್ಲಿ ಈ ದೋಷವು ತಲೆದೋರಿ ಪರಿಹಾರವಾದ ಬಗೆಗೆ ಬತ್ತ ರಾಗಿಗಳ ಬೆಂಕಿರೋಗವು ಒಳ್ಳೆಯ ನಿದರ್ಶನವಾಗಿದೆ.

ಈ ರೋಗದಲ್ಲಿ ಎಲೆಗಳ ಮೇಲೆ ಎರಡು ತುದಿಯೂ ಚೂಪಾದ, ನಡುವೆ ಬೂದಿಬಣ್ಣದ ಮಚ್ಚೆಗಳು ಮೂಡುವುವು. ತೆನೆಯ ಕೊರಳಿಗೆ ತಗುಲಿದರೆ ಕಾಳು ಜೊಳ್ಳಾಗುವುದು. ಇದಕ್ಕೆ ಕಾರಣವಾದ ಶಿಲೀಂಧ್ರದ ಬೀಜಾಣುವು ಪೇರ್ ಹಣ್ಣಿನ ಆಕಾರದ್ದು. ಎರಡು ಅಡ್ಡಗೋಡೆಗಳಿಂದ ಮೂರು ಕೋಶಗಳಾಗಿ ವಿಭಾಗಗೊಂಡುದು. ಈ ಆಕಾರದಿಂದಲೇ ಅದರ ಕುಲಕ್ಕೆ ಪಿರಿಕ್ಯುಲೇರಿಯ ಎಂಬ ಹೆಸರು ಬಂದಿತು. ಬತ್ತದ ಕಂದುಚುಕ್ಕೆರೋಗದ ಶಿಲೀಂಧ್ರದ ಬೀಜಾಣುವಾದರೋ ಉದ್ದವಾಗಿ, ಬಾಗಿ, ಅನೇಕ ಕೋಶಗಳಿಂದ ಕೂಡಿರುವುದು. ಆದಕಾರಣ ಇವೆರಡನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕವೇ ಸಾಕು.

ತೊಡಕು ಹುಟ್ಟಿದುದು ಕುಲದ ಒಳಗೆ. 1880ರಲ್ಲಿ ಸಕ್ಕಾರ್ಡೊ ಎಂಬ ವಿದ್ವಾಂಸರು ಡಿಜಿಟೇರಿಯ ಎಂಬ ಹುಲ್ಲಿನ ಶಿಲೀಂಧ್ರಕ್ಕೆ ಪಿರಿಕ್ಯುಲೇರಿಯ ಗ್ರೀಸಿಯ ಎಂದು ಹೆಸರಿಟ್ಟರು. ಅನಂತರ ಕವಾರ ಎಂಬವರು ಬತ್ತದ ಮೇಲಿನದನ್ನು ಪಿರಿಕ್ಯುಲೇರಿಯ ಒರೈಜೆ ಎಂದು ಕರೆದರು. ಆದರೆ ರೂಪದಲ್ಲಿ ಎರಡಕ್ಕೂ ಭೇದವು ತೋರಲಿಲ್ಲ. ರೂಪವು ಒಂದಾದಮೇಲೆ ಪ್ರಭೇದವೂ ಒಂದೇ ಎಂದು 1990ರಲ್ಲಿ ರಾಸ್‌ಮನ್ ಮೊದಲಾದವರು ಹಳೆಯದಾದ ಗ್ರೀಸಿಯ ಎಂಬ ಹೆಸರನ್ನೇ ಉಳಿಸಿದರು.

2002ರಲ್ಲಿ ಕೌಚ್ ಮತ್ತು ಕೋನ್ ಎಂಬ ವಿದ್ವಾಂಸರು ಆಕ್ಟಿನ್, ಬೀಟಾ ಟ್ಯೂಬುಲಿನ್, ಕ್ಯಾಲ್ಮೊಡುಲಿನ್ ಎಂಬ ಮೂರು ಜೀನುಗಳ ಭಾಗಗಳನ್ನು ಹೋಲಿಸಿ ನೋಡಿದರು. ಈ ಕ್ರಮವು ಗ್ರಂಥಸಂಪಾದಕರಿಗೆ ಅಪರಿಚಿತವಾದುದಲ್ಲ. ಕೆಲವು ಓಲೆಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವು ಕಂಡುಬಂದರೆ ಅವು ಒಂದೇ ಮಾತೃಕೆಯಿಂದ ಇಳಿದುವೆಂದು ಊಹಿಸುವರಷ್ಟೆ. ಅದರಂತೆಯೇ ಡಿ.ಎನ್.ಎ.ಯ ಅಕ್ಷರಸರಣಿಯಲ್ಲಿ ಒಂದೇ ಬಗೆಯ ಮಾರ್ಪಾಡುಗಳುಳ್ಳವುಗಳನ್ನು ಒಂದು ವಂಶಕ್ಕೆ ಸೇರಿಸುವರು. ಒಂದು ಪ್ರತಿಯನ್ನೇ ನಂಬಿದ ಸಂಪಾದಕನಂತೆ ಒಂದು ಜೀನನ್ನೇ ನಂಬಿದವನೂ ಮೋಸಹೋಗಬಹುದು. ಇಲ್ಲಿ ಮೂರು ಜೀನುಗಳೂ ಏಕವಾಕ್ಯತೆಯಿಂದ ಒಂದೇ ವಿಭಾಗವನ್ನು ತೋರಿದುವು: ಡಿಜಿಟೇರಿಯದ ಮೇಲಿನವು ಒಂದು ಶಾಖೆ, ಬತ್ತ, ರಾಗಿ ಮೊದಲಾದವುಗಳ ಮೇಲಿನವು ಮತ್ತೊಂದು. ಪ್ರಯೋಗಶಾಲೆಯಲ್ಲಿ ಕೂಡಿಸಿದಾಗಲೂ ಈ ಎರಡು ಶಾಖೆಗಳಿಗೆ ಪರಸ್ಪರ ಸಂತಾನವಾಗಲಿಲ್ಲ. ಹೀಗೆ ಒರೈಜೆಯು ಪ್ರತ್ಯೇಕ ಪ್ರಭೇದವೆಂದು ಸ್ಥಾಪಿತವಾಯಿತು.

ಈ ನಿರ್ಣಯದ ಫಲವು ಗದ್ದೆಯವರೆಗೂ ಮುಟ್ಟುವುದು. ಹೆಸರು ಒಂದೇ ಆಗಿದ್ದಾಗ ಬದುವಿನ ಹುಲ್ಲಿನ ರೋಗವೂ ಪೈರಿನ ರೋಗವೂ ಒಂದೇ ಎಂದು ಎಣಿಸಿ, ಒಂದರ ಪರೀಕ್ಷೆಯಿಂದ ತಿಳಿದುದನ್ನು ಮತ್ತೊಂದಕ್ಕೆ ಅನ್ವಯಿಸುವ ಭ್ರಾಂತಿಗೆ ಅವಕಾಶವಿದ್ದಿತು. ಹಾಗೆಂದು ರೂಪಪರೀಕ್ಷೆಯನ್ನು ಕಡೆಗಣಿಸಲಾಗದು. ಕುಲವನ್ನು ತಿಳಿಸಿಕೊಟ್ಟುದು ಅದೇ. ರೂಪಲಕ್ಷಣವು ಎಲ್ಲಿ ಅತಿವ್ಯಾಪ್ತವಾಗುವುದೋ ಅಲ್ಲಿ ವಂಶಪರೀಕ್ಷೆಯನ್ನು ಪ್ರಮಾಣವಾಗಿ ಗ್ರಹಿಸತಕ್ಕುದು.