ಹಾರಿಸದೆಯೇ ತಗುಲುವ ಗುಂಡು

ಜನರಲ್ ಶಿಫ್ಟ್ ಬಿಟ್ಟ ಹೊತ್ತು. ಹೂಟಗಳ್ಳಿಯ ಒಂದು ಗುಜರಿ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೈಕು ನಿಲ್ಲಿಸಿ ಇಳಿದ ಒಬ್ಬ ಯುವಕ ಅಂಗಡಿಯವರನ್ನು ಕೇಳಿದ. ಮೂವತ್ತರೊಳಗಿನ ವಯಸ್ಸು, ಮೈಮೇಲೆ ಕಾರ್ಖಾನೆಯ ಯೂನಿಫಾರಂ.

"ಅಣ್ಣ, ಸೀಸ ಇದೆಯಾ?"

"ಎಷ್ಟು ಬೇಕಪ್ಪ?"

"ಒಂದ್ ಐದು ಕೆಜಿ."

"ಯಾತಕ್ಕೆ?"

ಯುವಕ ಸ್ವಲ್ಪ ನಾಚಿಕೊಂಡ. "ಗುಂಡು ಎರೆಯೋಕೆ ಅಣ್ಣ. ಸುಮ್ನೆ, ಹವ್ಯಾಸಕ್ಕೆ."

ಅಂಗಡಿಯವರ ಕೈಲಿದ್ದ ತಕ್ಕಡಿ ನಿಂತಲ್ಲೇ ನಿಂತಿತು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ವಿಷಯ ಇಷ್ಟೆ. ಯುವಕನ ಹೆಂಡತಿಯ ತವರು ಕೊಡಗು. ಮಾವನ ಮನೆಯಲ್ಲಿ ಒಂದು ಹಳೇ ಕೋವಿ ಇದೆ. ಇತ್ತ ಫೋನಿನಲ್ಲಿ ಅಮೆರಿಕದವರು ಮನೆಯ ಹಿಂದಿನ ಶೆಡ್ಡಿನಲ್ಲಿ ಸೀಸ ಕಾಯಿಸಿ, ಅಚ್ಚಿಗೆ ಸುರಿದು, ಫಳಫಳ ಹೊಳೆಯುವ ಗುಂಡುಗಳನ್ನು ಉದುರಿಸುವುದನ್ನು ನೋಡಿದ್ದಾನೆ. ಆ ದೇಶದಲ್ಲಿ ಇದು ಸಾವಿರಾರು ಜನರ ಹವ್ಯಾಸ. "ನಾನು ಫಿಟ್ಟರ್ ಸಾರ್, ಅಚ್ಚು ನಾನೇ ಮಾಡ್ಕೋತೀನಿ" ಎಂದ. ಕೋವಿ ಅವನದಲ್ಲ, ಲೈಸೆನ್ಸೂ ಅವನದಲ್ಲ. ಗುಂಡು ಮಾತ್ರ ಅವನದಾಗಬೇಕಂತೆ!

ಹುಡುಗ ಕೆಟ್ಟವನಲ್ಲ. ಕೈಯಲ್ಲಿ ಕೆಲಸ ಬಲ್ಲವನಿಗೆ ಇಂಥ ಹುಚ್ಚು ಹಿಡಿಯುವುದು ಸಹಜ. ಕೈಗಾರಿಕೆಯ ಊರಾದ ನಮ್ಮ ಹೂಟಗಳ್ಳಿಯಲ್ಲಿ ಇಂಥವರು ಇವನೊಬ್ಬನೇ ಇರಲಾರ. ಆದ್ದರಿಂದ ಅವನಿಗೆ ಹೇಳಿದ ನಾಲ್ಕು ಮಾತು ಇಲ್ಲಿ ಎಲ್ಲರಿಗೂ.

ಕಾನೂನಿನ ಮಾತು ಮೊದಲು

ನಮ್ಮ ದೇಶದ 1959ರ ಆಯುಧ ಕಾಯ್ದೆಯ 5ನೇ ಕಲಮು ಸ್ಪಷ್ಟವಾಗಿದೆ. ಪರವಾನಗಿ ಇಲ್ಲದೆ ಯಾರೂ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ಮದ್ದುಗುಂಡು ಅಂದರೆ ತುಂಬಿದ ತೋಟಾ ಮಾತ್ರ ಅಂತ ತಿಳಿಯಬೇಡಿ. ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಆ ಮಾತಿನೊಳಗೇ ಬರುತ್ತವೆ ಎಂದು ಕಾಯ್ದೆಯೇ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. "ಹವ್ಯಾಸ ಸ್ವಾಮಿ" ಅಂದರೆ ಬಿಟ್ಟುಬಿಡುವ ಕಲಮು ಅದರಲ್ಲಿಲ್ಲ.

"ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಸಾರ್?" ಎಂದ ಯುವಕ. ಇದೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಅವಕಾಶ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅವರ ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೂ ಪೂಜೆ ಉಂಟು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ. ಅಳಿಯಂದಿರು ಹೂಟಗಳ್ಳಿಯಲ್ಲಿ ಕೂತು ಗುಂಡು ತಯಾರಿಸುವುದಕ್ಕೆ ಅಲ್ಲ!

ಹಾಗಾಗಿ ಗುಂಡಿನ ಬಾಗಿಲು ಮುಚ್ಚಿತು. ಆದರೆ ಕಾನೂನಿಗಿಂತ ದೊಡ್ಡ ಮಾತು ಮುಂದಿದೆ.

ಸೀಸ ನಮಗೆ ಹೊಸದಲ್ಲ

ಲೋಹಗಳ ಪೈಕಿ ಸೀಸ ಬಲು ಸಾಧು. ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ತಾಮ್ರಕ್ಕೆ 1085. ಸೀಸಕ್ಕೆ ಬರೀ 327. ಸೌದೆ ಒಲೆ ಸಾಕು, ಅಡುಗೆ ಗ್ಯಾಸೂ ಸಾಕು. ತೂಕವೋ, ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು. ಹುಡುಗ ಕೇಳಿದ ಐದು ಕೆಜಿ ಸೀಸ ಅರ್ಧ ಲೀಟರ್ ಹಾಲಿನ ಪೊಟ್ಟಣದಷ್ಟೂ ಆಗುವುದಿಲ್ಲ. ಸುಲಭವಾಗಿ ಕರಗುತ್ತೆ, ಬೇಕಾದ ಆಕಾರಕ್ಕೆ ಬಗ್ಗುತ್ತೆ, ತೂಕವಾಗಿ ಕೂರುತ್ತೆ. ಅದಕ್ಕೇ ಮನುಷ್ಯ ಸಾವಿರಾರು ವರ್ಷದಿಂದ ಅದರ ಹಿಂದೆ ಬಿದ್ದಿದ್ದಾನೆ.

ನಮ್ಮ ಪಕ್ಕದ ಶ್ರೀರಂಗಪಟ್ಟಣವನ್ನೇ ನೆನೆಯಿರಿ. 1799ರ ಮೇ 4ರಂದು ಕೋಟೆ ಬಿದ್ದ ದಿನ ಇಂಗ್ಲಿಷ್ ಸಿಪಾಯಿಗಳ ಕೈಲಿದ್ದದ್ದು ಸೀಸದ ಉಂಡೆ ಹಾಕುವ ಬಂದೂಕು. ಒಂದೊಂದು ಉಂಡೆ ಸುಮಾರು 30 ಗ್ರಾಂ. ಅದಕ್ಕೆ ಹದಿನೇಳು ವರ್ಷ ಮುಂಚೆ, 1782ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ ಎಂಬಾತ ಚರೆ ಮಾಡುವ ಹೊಸ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಎತ್ತರದಿಂದ ಜರಡಿಯ ಮೂಲಕ ಕರಗಿದ ಸೀಸ ಸುರಿದರೆ ಹನಿಗಳು ಬೀಳುತ್ತಲೇ ಗುಂಡಗಾಗಿ ಕೆಳಗಿನ ನೀರಲ್ಲಿ ಗಟ್ಟಿಯಾಗುತ್ತವೆ. ಬೂಂದಿ ಕಾಳು ಬಿಟ್ಟ ಹಾಗೆ!

ಯುದ್ಧದ ಮಾತು ಬಿಡಿ. ಅಕ್ಷರದ ಕಥೆಯೂ ಸೀಸದ್ದೇ. ಆಫ್‌ಸೆಟ್ ಬರುವ ಮುಂಚೆ ಮೈಸೂರಿನ ಸಂಜೆ ಪತ್ರಿಕೆಗಳು ಹೊರಬರುತ್ತಿದ್ದದ್ದು ಮೊಳೆ ಜೋಡಿಸಿ. ಆ ಅಚ್ಚುಮೊಳೆ ಅಂದರೆ ಸೀಸ, ತವರ, ಆಂಟಿಮನಿ ಕೂಡಿಸಿದ ಎರಕ. ನನಗೆ ಪರಿಚಯದ ಹಳೇ ಕಂಪೋಸಿಟರ್ ಒಬ್ಬರು ಈಗಲೂ ಹೇಳುತ್ತಾರೆ: "ಕೈ ತೊಳೀದೆ ಬುತ್ತಿ ಬಿಚ್ಚಿದ್ರೆ ಫೋರ್‌ಮನ್ನು ಬೈತಿದ್ರು ಕಣಪ್ಪ. ಬೆಲ್ಲ ತಿನ್ರೋ, ಸೀಸ ಇಳಿಯುತ್ತೆ ಅಂತಲೂ ಅಂತಿದ್ರು."

ಫೋರ್‌ಮನ್ ಬೈದದ್ದು ಸರಿ. ಬೆಲ್ಲದ ಮಾತು ಸರಿಯಲ್ಲ. ಮೂಳೆಗೆ ಇಳಿದ ಸೀಸ ಬೆಲ್ಲಕ್ಕೆ ಜಗ್ಗುವುದಿಲ್ಲ.

ಮೈಯೊಳಗೆ ಕೂತರೆ ಎದ್ದು ಹೋಗೋದಿಲ್ಲ

ಮೈ ಸೀಸವನ್ನು ಸುಣ್ಣದಂಶ ಅಂತ ತಪ್ಪು ತಿಳಿದು ಮೂಳೆಯಲ್ಲಿ ತುಂಬಿಟ್ಟುಕೊಳ್ಳುತ್ತದೆ. ಅಲ್ಲಿ ಹತ್ತಾರು ವರ್ಷ ಕೂರುತ್ತದೆ. ಹೆಚ್ಚಾದರೆ ಹೊಟ್ಟೆ ಹಿಂಡುವುದು, ಮಲಬದ್ಧತೆ, ರಕ್ತಹೀನತೆ, ಸಿಡುಕು, ಕೈಕಾಲು ಸೋಲುವುದು. ಕಡಿಮೆಯಿದ್ದರೆ ಏನೂ ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರುತ್ತದೆ. ಹೀರಿದ ಸೀಸ ಬೆಳೆಯುವ ಮಿದುಳನ್ನು ಮುಟ್ಟುತ್ತದೆ. "ಹುಡುಗ ಮಂಕ, ಪಾಠ ತಲೆಗೆ ಹತ್ತಲ್ಲ" ಅಂತ ಮೇಷ್ಟ್ರು ಹೇಳಿದಾಗ ಯಾರು ತಾನೆ ಸೀಸದ ಮೇಲೆ ಅನುಮಾನ ಪಡುತ್ತಾರೆ? ಬಸುರಿಯ ಮೈಯಿಂದ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದ ವರದಿ ಹೊರತಂದಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಅಂದಿನ ಮಿತಿ ಮೀರಿತ್ತು. ಮರುವರ್ಷ, 2000ದ ಏಪ್ರಿಲ್‌ನಿಂದ, ಸೀಸ ಬೆರೆಸಿದ ಪೆಟ್ರೋಲು ದೇಶಾದ್ಯಂತ ನಿಂತಿತು. ಬಂಕಿನಲ್ಲಿ ನಿಂತ ಸೀಸವನ್ನು ನಾವೇ ಅಡುಗೆಮನೆಗೆ ಕರೆತರುವುದೇ?

ಆಫ್ರಿಕದ ಸೆನೆಗಲ್ ದೇಶದ ಡಾಕಾರ್ ನಗರದ ಒಂದು ಬಡಾವಣೆಯಲ್ಲಿ ಏನಾಯಿತು ಕೇಳಿ. ಜನ ಹಳೇ ಬ್ಯಾಟರಿ ಒಡೆದು ಸೀಸ ತೆಗೆದು ಮಾರುತ್ತಿದ್ದರು. ಮಣ್ಣೆಲ್ಲ ಸೀಸ. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು. ಯಾರೂ ಯಾರ ಮೇಲೂ ಗುಂಡು ಹಾರಿಸಿರಲಿಲ್ಲ.

ಎರಕ ಬೇಕೇ ಬೇಕು ಅಂದರೆ

ಹವ್ಯಾಸ ಬಿಡಲಾಗದು ಅನ್ನುವವರಿಗೆ ಕಾನೂನು ಒಪ್ಪುವ ದಾರಿ ಇದೆ. ಬೀಸುಬಲೆಯ ಅಂಚಿಗೆ ಕಟ್ಟುವ ತೂಕ, ಗಾಳದ ದಾರಕ್ಕೆ ಹಾಕುವ ತೂಕ. ಕೆ.ಆರ್.ಎಸ್. ಹಿನ್ನೀರಿನ ಕಡೆ ಬಲೆ ಬೀಸುವವರಿಗೆ ಇದು ಬೇಕಾದ ವಸ್ತು. ಅದನ್ನು ಎರೆಯುವುದಾದರೂ ಕೆಲವು ಕಟ್ಟುಪಾಡು.

ಮೊದಲನೆಯದು ಜಾಗ. ಮನೆಯೊಳಗೆ ಬೇಡವೇ ಬೇಡ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮಕ್ಕಳು ಮತ್ತು ಬಸುರಿಯರಿಂದ ದೂರ. ಬಾಣಲೆ, ಸೌಟು ಕಬ್ಬಿಣದ್ದೇ ಇರಲಿ, ಅವು ಇದೊಂದಕ್ಕೇ ಮೀಸಲು. ಕಾದರೆ ಮೆತ್ತಗಾಗುವ ಅಲ್ಯೂಮಿನಿಯಂ ಪಾತ್ರೆ ಭಾರ ತಾಳದೆ ಕೈಕೊಡುತ್ತದೆ.

ಎರಡನೆಯದು ನೀರು. ಸೀಸಕ್ಕೂ ನೀರಿಗೂ ಹಾವು ಮುಂಗುಸಿ ಸಂಬಂಧ. ಕರಗಿದ ಸೀಸದೊಳಗೆ ಒಂದು ತೊಟ್ಟು ನೀರು ಸಿಕ್ಕಿಕೊಂಡರೆ ಅದು ಆ ಕ್ಷಣ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಇಡೀ ಬಾಣಲೆ ಮುಖಕ್ಕೆ ಸಿಡಿಯುತ್ತದೆ. ಹಸಿ ಮಣ್ಣಿನ ಅಚ್ಚು, ತೇವದ ಸೌಟು, ಮಳೆ ಹನಿ, ಹಣೆಯ ಬೆವರು, ಎಲ್ಲವೂ ಅಪಾಯವೇ. ಅಚ್ಚನ್ನೂ ಸೌಟನ್ನೂ ಮೊದಲೇ ಬಿಸಿ ಮಾಡಿ ಒಣಗಿಸಿ. ಸೀಸದ ತುಂಡನ್ನು ಬಾಣಲೆ ತಣ್ಣಗಿದ್ದಾಗಲೇ ಹಾಕಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಮೈಗೆ ತುಂಬುತೋಳಿನ ಹತ್ತಿ ಬಟ್ಟೆ.

ಮೂರನೆಯದು ಉರಿ. ಕರಗಿದ ಮೇಲೆ ಸುಮ್ಮನೆ ಉರಿ ಏರಿಸಬೇಡಿ. ಬಿಸಿ ಏರಿದಷ್ಟೂ ಹೊಗೆ ಹೆಚ್ಚು. ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವನ್ನು ಸೌಟಿನಿಂದ ತೆಗೆದು ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ಈ ಪುಡಿ ಹೊಗೆಯಷ್ಟೇ ಕೆಟ್ಟದ್ದು. ಚರಂಡಿಗೆ ಬೇಡ, ಗಿಡದ ಬುಡಕ್ಕೆ ಬೇಡ, ಪೊರಕೆಯಿಂದ ಗುಡಿಸಲೂ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಆದರೆ ಎಲ್ಲ ಆರಿ ತಣ್ಣಗಾದ ಮೇಲೆ.

ನಾಲ್ಕನೆಯದು ಕೈ. ಕೆಲಸದ ನಡುವೆ ಬೀಡಿ, ಟೀ, ಕಡಲೆಕಾಯಿ ಕೂಡದು. ಸೋಪು ಹಾಕಿ ಕೈ ಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈ ಸೀಸವಾದರೆ ಬಾಯಿ ವಿಷ.

ಐದನೆಯದು, ಅಂಗಡಿಯವರು ಗಮನಿಸಿ, ಹಳೇ ಬ್ಯಾಟರಿ. ಯುಪಿಎಸ್ ಬ್ಯಾಟರಿ ಸತ್ತಿತು, ಒಳಗೆ ಸೀಸ ಇದೆ ಅಂತ ಯಾರೂ ಒಡೆಯಬಾರದು. ಅದರಲ್ಲಿ ಆಮ್ಲವಿದೆ, ಸೀಸದ ಪುಡಿಯಿದೆ. ಕರಗಿಸಹೋದರೆ ಸೀಸಕ್ಕಿಂತ ಕೆಟ್ಟ ಅನಿಲಗಳೂ ಹುಟ್ಟಬಹುದು. ಹೊಸದು ಕೊಳ್ಳುವಾಗ ಹಳೆಯದನ್ನು ಮಾರಿದವರಿಗೇ ಹಿಂದಿರುಗಿಸಿ. ಬೆಲೆಯಲ್ಲೂ ಕಡಿತ ಸಿಗುತ್ತದೆ. ಹಳೇ ಬ್ಯಾಟರಿ ಹಿಂದಕ್ಕೆ ಹೋಗಬೇಕೆಂದು 2001ರಲ್ಲೇ ನಿಯಮ ಬಂತು, 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮವೂ ಬಂದಿದೆ.

ಇನ್ನೂ ಒಳ್ಳೆಯದು ಬೇಕೇ? ಬಲೆಗೆ ಸೀಸವನ್ನೇ ಬಿಟ್ಟುಬಿಡಿ, ಕಬ್ಬಿಣದ ತೂಕ ಕಟ್ಟಿ. ಬ್ರಿಟನ್‌ನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ಕಲ್ಲೆಂದು ತಿಳಿದು ನುಂಗಿ ಹಂಸಗಳು ಸಾಯುತ್ತಿದ್ದವು. 1987ರಲ್ಲಿ ಒಂದು ಔನ್ಸ್‌ವರೆಗಿನ ಅಂಥ ಗುಂಡುಗಳ ಮಾರಾಟವನ್ನು ಅಲ್ಲಿ ನಿಲ್ಲಿಸಿದರು. ರಂಗನತಿಟ್ಟು ನಮ್ಮ ಕೂಗಳತೆಯಲ್ಲೇ ಇದೆ, ನೆನಪಿರಲಿ.

ಬಾಣಲೆಯ ಕಥೆ

ಇಷ್ಟು ಹೇಳುವಷ್ಟರಲ್ಲಿ ಯುವಕನ ಮುಖ ಸಣ್ಣಗಾಗಿತ್ತು.

"ಸಾರ್, ಒಂದ್ಸಲ ಕಾಯಿಸಿಬಿಟ್ಟಿದೀನಿ" ಎಂದ.

"ಎಲ್ಲಿ?"

"ಮನೇಲೇ. ಗ್ಯಾಸ್ ಒಲೆ ಮೇಲೆ. ಹಳೇ ಒಗ್ಗರಣೆ ಬಾಣಲೆ."

"ಮನೇಲಿ ಯಾರ್ಯಾರಿದ್ದೀರಪ್ಪ?"

"ನಾನು, ನಮ್ಮನೆಯವರು, ಮಗಳು. ಮಗಳಿಗೆ ಎರಡೂವರೆ ವರ್ಷ."

ಬಾಣಲೆಯನ್ನು ಆಮೇಲೆ ಏನು ಮಾಡಿದೆ ಅಂತ ಕೇಳಿದೆ. ತೊಳೆದು ಅದರ ಜಾಗದಲ್ಲೇ ಇಟ್ಟಿದ್ದನಂತೆ. ಹೆಂಡತಿಗೆ ಹೇಳಿರಲಿಲ್ಲ.

ಅಂಗಡಿಯವರು ಗಟ್ಟಿ ಮನುಷ್ಯ. ಬೈಯಲಿಲ್ಲ. "ಹೋಗಪ್ಪ, ಆ ಬಾಣಲೆ ತಗೊಂಬಾ" ಅಂದರು. ಹದಿನೈದು ನಿಮಿಷದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಾಣಲೆ ಬಂತು. ಅಂಗಡಿಯವರು ಕಟ್ಟೆಯ ಮೇಲೆ ಬೋರಲು ಹಾಕಿ, ಉಳಿ ಇಟ್ಟು, ಸುತ್ತಿಗೆಯಿಂದ ತಳಕ್ಕೆ ಎರಡು ತೂತು ಹೊಡೆದರು. "ಹೀಗೇ ತೂಕಕ್ಕೆ ಹಾಕ್ಕೊಂಡ್ರೆ ಇನ್ಯಾರೋ ಬಡವರು ನೂರು ರೂಪಾಯಿಗೆ ಕೊಂಡ್ಕೊಂಡು ಅದರಲ್ಲೇ ಒಗ್ಗರಣೆ ಹಾಕ್ತಾರೆ. ಇನ್ನು ಹಾಕಲ್ಲ" ಎಂದರು. ಸೀಸ ಕೊಡಲಿಲ್ಲ.

ನಾನು ಹೇಳಿದ್ದು ಎರಡೇ ಮಾತು. ಒಂದು, ಇವತ್ತೇ ಮನೆಯವರಿಗೆ ಹೇಳು. ಒಲೆ, ಕಟ್ಟೆ, ನೆಲ ಎಲ್ಲ ಒದ್ದೆ ಬಟ್ಟೆಯಿಂದ ಒರೆಸಿ. ಎರಡು, ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನಡೆದದ್ದನ್ನು ಮುಚ್ಚಿಡದೆ ಹೇಳು. ರಕ್ತದಲ್ಲಿ ಸೀಸ ಎಷ್ಟಿದೆ ಅನ್ನುವುದಕ್ಕೆ ಪರೀಕ್ಷೆ ಇದೆ. ಒಂದು ಸಲಕ್ಕೆ ಬಹಳ ಹೋಗಿರಲಾರದು, ಆದರೆ ಊಹೆಗಿಂತ ಪರೀಕ್ಷೆ ಮೇಲು. ಊಟದ ವಿಷಯವೂ ಹೇಳಿದೆ. ಹೊಟ್ಟೆ ತುಂಬಿದ, ಸುಣ್ಣದಂಶ ಕಬ್ಬಿಣದಂಶ ಸಾಕಷ್ಟಿರುವ ಮಗುವಿನ ಮೈಗೆ ಸೀಸ ಕಡಿಮೆ ಹತ್ತುತ್ತದೆ. ಅಂದರೆ ಹಾಲು, ನಮ್ಮ ರಾಗಿ, ಸೊಪ್ಪು. ದೊಡ್ಡ ಖರ್ಚಿನದಲ್ಲ.

ಮೊನ್ನೆ ಅದೇ ಸ್ಟಾಪಿನಲ್ಲಿ ಯುವಕ ಸಿಕ್ಕಿದ. ರಕ್ತ ಕೊಟ್ಟು ಬಂದಿದ್ದಾರೆ. ವರದಿ ಇನ್ನೂ ಬಂದಿಲ್ಲ. "ನಮ್ಮನೆಯವರು ಮಾತಾಡ್ತಿಲ್ಲ ಸಾರ್" ಎಂದ. ಮಾತಾಡದಿದ್ದರೂ ಅಡುಗೆ ಮಾಡಿ ಹಾಕುತ್ತಿದ್ದಾರಲ್ಲ, ಸಂತೋಷಪಡು ಅಂದೆ.

ಕೊನೆಯದಾಗಿ ನಮ್ಮ ನಗರಸಭೆಗೊಂದು ಅರಿಕೆ. ಹೂಟಗಳ್ಳಿ ಪಂಚಾಯಿತಿ ಹೋಗಿ ನಗರಸಭೆಯಾಗಿದೆ. ಕಸದ ಗಾಡಿಯ ಮೈಕಿನಲ್ಲಿ ಹಸಿ ಕಸ, ಒಣ ಕಸ ಅಂತ ದಿನಾ ಕೂಗಿಸುತ್ತೀರಿ. ಹಾಗೇ ಹಳೇ ಬ್ಯಾಟರಿ, ಸೀಸದ ಚೂರು ಮನೆಯಲ್ಲಿ ಒಡೆಯಬೇಡಿ, ಕಾಯಿಸಬೇಡಿ ಅಂತಲೂ ಒಂದು ಸಾಲು ಸೇರಿಸಿ. ಮೈಕು ನಿಮ್ಮಲ್ಲೇ ಇದೆ, ಗಾಡಿ ಹೇಗೂ ಓಡುತ್ತಿದೆ. ಒಂದು ಸಾಲಿಗೆ ಖರ್ಚಿಲ್ಲ.