ಕ್ಯಾಂಪರ್ ವ್ಯಾನಿನ ವಿದ್ಯುತ್ ಹೀಟರ್

ಕ್ಯಾಂಪರ್ ವ್ಯಾನಿನ ವಿದ್ಯುತ್ ಹೀಟರ್ ಎಂಬುದು ಮಲಗುವ ಮತ್ತು ಅಡುಗೆ ಮಾಡುವ ಅನುಕೂಲಗಳಿರುವ ಪ್ರವಾಸಿ ವಾಹನದ ಒಳಭಾಗವನ್ನು ವಿದ್ಯುಚ್ಛಕ್ತಿಯ ನೆರವಿನಿಂದ ಬೆಚ್ಚಗಿಡುವ ಸಾಧನವಾಗಿದೆ. ಚಳಿ ಹೆಚ್ಚಿರುವ ಬ್ರಿಟನ್, ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ವ್ಯಾನಿನ ಒಳಗಿನ ಸ್ಥಳ ಕಿರಿದು. ಹಾಸಿಗೆ, ಪರದೆ, ಮರದ ಕಪಾಟುಗಳು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತವೆ. ಜನರು ನಿದ್ರಿಸುತ್ತಿರುವಾಗ ಬೆಂಕಿ ತಗುಲಿದರೆ ಹೊರಬರಲು ಕಾಲಾವಕಾಶ ಬಹಳ ಕಡಿಮೆ. ಆದ್ದರಿಂದ ಹೀಟರಿನ ಆಯ್ಕೆಯಲ್ಲಿ ಬೆಲೆಗಿಂತ ಸುರಕ್ಷತೆಗೆ ಆದ್ಯತೆ ನೀಡಲಾಗುತ್ತದೆ.

ಹಿನ್ನೆಲೆ

1950ರ ದಶಕದ ಆರಂಭದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಶಿಬಿರವಾಸದ ಪರಿಕರಗಳನ್ನು ಅಳವಡಿಸತೊಡಗಿದ ಮೇಲೆ ಈ ಬಗೆಯ ವಾಹನಗಳು ಜನಪ್ರಿಯವಾದವು. ಇವುಗಳನ್ನು ಬೆಚ್ಚಗಿಡಲು ಅನಿಲ ಹಾಗೂ ಡೀಸೆಲ್ ಹೀಟರುಗಳೂ ಬಳಕೆಯಲ್ಲಿವೆ. ಶಿಬಿರತಾಣಗಳಲ್ಲಿ ವಿದ್ಯುತ್ ಸಂಪರ್ಕ ದೊರೆಯುವಾಗ ಮಾತ್ರ ವಿದ್ಯುತ್ ಹೀಟರ್ ಅನುಕೂಲಕರವಾಗುತ್ತದೆ.

ವಿದ್ಯುತ್ ಪೂರೈಕೆಯ ಮಿತಿ

ಹೀಟರನ್ನು ಆರಿಸುವ ಮುನ್ನ ತಾಣದಲ್ಲಿ ಎಷ್ಟು ಆಂಪಿಯರ್ ವಿದ್ಯುತ್ ದೊರೆಯುತ್ತದೆಂದು ತಿಳಿಯುವುದು ಅಗತ್ಯ. ವೋಲ್ಟ್ ಮತ್ತು ಆಂಪಿಯರುಗಳನ್ನು ಗುಣಿಸಿದರೆ ವ್ಯಾಟ್ ದೊರೆಯುತ್ತದೆ. 230 ವೋಲ್ಟ್ ಪೂರೈಕೆಯಲ್ಲಿ ಈ ಲೆಕ್ಕ ಹೀಗಿರುತ್ತದೆ:

* 6 ಆಂಪಿಯರ್: 1380 ವ್ಯಾಟ್
* 10 ಆಂಪಿಯರ್: 2300 ವ್ಯಾಟ್
* 16 ಆಂಪಿಯರ್: 3680 ವ್ಯಾಟ್

6 ಆಂಪಿಯರ್ ಸಂಪರ್ಕದಲ್ಲಿ 1000 ವ್ಯಾಟಿನ ಹೀಟರ್ ಉರಿಯುತ್ತಿರುವಾಗ 2000 ವ್ಯಾಟಿನ ನೀರು ಕಾಯಿಸುವ ಕೆಟಲನ್ನೂ ಚಾಲೂ ಮಾಡಿದರೆ ಸುರಕ್ಷತಾ ಸ್ವಿಚ್ ಬಿದ್ದು ವಿದ್ಯುತ್ ಕಡಿತವಾಗುತ್ತದೆ. ಗೋಡೆಗಳಲ್ಲಿ ಉಷ್ಣನಿರೋಧಕ ಪದರವಿರುವ ಚಿಕ್ಕ ವ್ಯಾನಿಗೆ ಸಾಮಾನ್ಯವಾಗಿ 500ರಿಂದ 1000 ವ್ಯಾಟಿನ ಹೀಟರ್ ಸಾಕಾಗುತ್ತದೆ.

ಬ್ಯಾಟರಿಯಿಂದ ಹೀಟರನ್ನು ನಡೆಸುವುದು ಲಾಭದಾಯಕವಲ್ಲ. 12 ವೋಲ್ಟಿನ 100 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಇರುವುದು 1200 ವ್ಯಾಟ್-ಗಂಟೆ ಶಕ್ತಿ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧದಷ್ಟನ್ನು ಮಾತ್ರ ಬಳಸುವುದು ರೂಢಿ. 1000 ವ್ಯಾಟಿನ ಹೀಟರ್ ಅಷ್ಟನ್ನು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತದೆ.

ವಿಧಗಳು

* ಎಣ್ಣೆ ತುಂಬಿದ ರೇಡಿಯೇಟರ್: ಇದರಲ್ಲಿ ಕೆಂಪಗೆ ಕಾಯುವ ತಂತಿ ಹೊರಗೆ ಕಾಣುವುದಿಲ್ಲ, ಸದ್ದೂ ಇಲ್ಲ. ನಿಧಾನವಾಗಿ ಕಾಯುತ್ತದೆ, ಆರಿಸಿದ ಮೇಲೂ ಕೆಲಕಾಲ ಶಾಖ ನೀಡುತ್ತದೆ. ತೂಕ ಹೆಚ್ಚಾದುದರಿಂದ ವಾಹನ ಚಲಿಸುವಾಗ ಉರುಳದಂತೆ ಭದ್ರವಾಗಿ ಕಟ್ಟಿಡಬೇಕಾಗುತ್ತದೆ.
* ಸೆರಾಮಿಕ್ ಹೀಟರ್: ಪಿಟಿಸಿ ಬಗೆಯ ಸೆರಾಮಿಕ್ ಬಿಲ್ಲೆಯು ನಿಗದಿತ ಉಷ್ಣತೆಯನ್ನು ಮೀರಿದೊಡನೆ ಅದರ ವಿದ್ಯುತ್ ರೋಧವು ತೀವ್ರವಾಗಿ ಏರುತ್ತದೆ, ಆಗ ಅದು ಎಳೆಯುವ ವಿದ್ಯುತ್ ತಾನಾಗಿಯೇ ತಗ್ಗುತ್ತದೆ. ಗಾತ್ರ ಚಿಕ್ಕದು, ಬೇಗ ಬಿಸಿಯಾಗುತ್ತದೆ.
* ತಂತಿಸುರುಳಿಯ ಫ್ಯಾನ್ ಹೀಟರ್: ಬೆಲೆ ಕಡಿಮೆ, ಕೂಡಲೇ ಬಿಸಿಗಾಳಿ ಕೊಡುತ್ತದೆ. ಆದರೆ ಸದ್ದು ಮಾಡುತ್ತದೆ. ಧೂಳು ಸೇರಿದರೆ ಅಥವಾ ಗಾಳಿಯ ದಾರಿ ಮುಚ್ಚಿದರೆ ಅತಿಯಾಗಿ ಕಾಯುತ್ತದೆ.
* ಹ್ಯಾಲೋಜನ್ ಮತ್ತು ಕೆಂಪಗೆ ಉರಿಯುವ ಇತರ ಹೀಟರುಗಳು: ಬಟ್ಟೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಕಿರಿದಾದ ವ್ಯಾನಿಗೆ ಸೂಕ್ತವಲ್ಲ.

ಸುರಕ್ಷತಾ ಲಕ್ಷಣಗಳು

ಉತ್ತಮ ಹೀಟರಿನಲ್ಲಿ ಮೂರು ವ್ಯವಸ್ಥೆಗಳಿರಬೇಕು: ಉರುಳಿದಾಗ ತಾನೇ ಆರುವ ಸ್ವಿಚ್, ಅತಿಯಾಗಿ ಕಾದಾಗ ವಿದ್ಯುತ್ ಕಡಿಯುವ ಸಾಧನ ಹಾಗೂ ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್. ವ್ಯಾನಿನ ವಿದ್ಯುತ್ ಜಾಲದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ಸ್ಪಂದಿಸುವ ಆರ್‌ಸಿಡಿ ಇರುವುದು ಆಘಾತದಿಂದ ರಕ್ಷಣೆ ನೀಡುತ್ತದೆ.

ಬಳಕೆಯಲ್ಲಿ ಮುನ್ನೆಚ್ಚರಿಕೆ

ಹೀಟರ್ ಮತ್ತು ಹಾಸಿಗೆ, ಪರದೆಗಳ ನಡುವೆ ಸುಮಾರು 1 ಮೀಟರ್ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಅಷ್ಟು ಜಾಗವಿಲ್ಲದ ವ್ಯಾನಿನಲ್ಲಿ ಮಲಗುವ ಮುನ್ನ ಒಳಭಾಗವನ್ನು ಬೆಚ್ಚಗಾಗಿಸಿ, ಹೀಟರನ್ನು ಆರಿಸಿ ಮಲಗುವುದು ಲೇಸು. ಹೀಟರಿನ ಮೇಲೆ ಒದ್ದೆ ಬಟ್ಟೆ ಒಣಗಿಸಬಾರದು. ಬಾಗಿಲಿಗೆ ಹೋಗುವ ದಾರಿಯಲ್ಲಿ ಅದನ್ನು ಇಡಬಾರದು. ತಾಣದ ಕಂಬದಿಂದ ವಿದ್ಯುತ್ ತರುವ ಕೇಬಲನ್ನು ಸುರುಳಿಯಿಂದ ಪೂರ್ಣವಾಗಿ ಬಿಚ್ಚಬೇಕು. ಸುತ್ತಿಟ್ಟ ಕೇಬಲಿನಲ್ಲಿ ಶಾಖ ಹೊರಹೋಗದೆ ನಿರೋಧಕ ಕವಚ ಕರಗಬಹುದು.

ವಿದ್ಯುತ್ ಹೀಟರಿನಲ್ಲಿ ದಹನಕ್ರಿಯೆ ಇಲ್ಲದಿರುವುದರಿಂದ ಕಾರ್ಬನ್ ಮಾನಾಕ್ಸೈಡ್ ಉಂಟಾಗುವುದಿಲ್ಲ. ಇದು ಅದರ ದೊಡ್ಡ ಗುಣ. ವಿದ್ಯುತ್ ಕೈಕೊಟ್ಟ ರಾತ್ರಿ ಇದ್ದಿಲಿನ ಒಲೆಯನ್ನು ವ್ಯಾನಿನೊಳಗೆ ತಂದಿಡುವುದು ಪ್ರಾಣಾಂತಕ; ಕೆಂಡ ಆರಿದಂತೆ ಕಂಡರೂ ಬಣ್ಣ, ವಾಸನೆಗಳಿಲ್ಲದ ಈ ವಿಷಾನಿಲ ಹೊಮ್ಮುತ್ತಲೇ ಇರುತ್ತದೆ. ಅನಿಲ ಒಲೆಯಿರುವ ವ್ಯಾನಿನಲ್ಲಿ ಇದನ್ನು ಪತ್ತೆಹಚ್ಚುವ ಎಚ್ಚರಿಕೆ ಗಂಟೆಯೂ ಹೊಗೆಯ ಎಚ್ಚರಿಕೆ ಗಂಟೆಯೂ ಇರಬೇಕು. ಉಸಿರಿನ ತೇವ ಗಾಜಿನ ಮೇಲೆ ನೀರಾಗಿ ಇಳಿಯದಿರಲು ಗಾಳಿಕಿಂಡಿಗಳನ್ನು ಮುಚ್ಚದೆ ಬಿಡುವುದು ಅವಶ್ಯಕ.